ಕಲ್ಲಿಗೆ ಬೇಲಿ ಹಾಕಬಹುದು, ದಿಗಂತಕ್ಕೆ?

ಮೂಡಿಗೆರೆ ಹತ್ತಿರದ ನಮ್ಮ ಮನೆಯ ಕಾಫಿ ಕಣ ಪಡುವಣಕ್ಕೆ ತೆರೆದುಕೊಂಡಿದೆ. ಡಿಸೆಂಬರಲ್ಲಿ ಕುಯ್ಲು ಶುರುವಾದರೆ ಸಂಜೆ ಹೊತ್ತಿಗೆ ಹಣ್ಣು ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುವ ಕೆಲಸ. ಆ ಹೊತ್ತಿಗೆ ಅಜ್ಜ ಎದುರಿನ ಗುಡ್ಡದ ಕಡೆ ಕೈ ತೋರಿಸಿ, "ಇನ್ನು ಆ ನೇರಳೆ ಮರ ದಾಟಲ್ಲ ಕಣ್ಲಾ, ಇಲ್ಲಿಂದ ವಾಪಸ್ ತಿರುಗ್ತಾನೆ" ಅನ್ನೋರು. ತಿರುಗೋದು ಅಂದ್ರೆ ಸೂರ್ಯ. ಗುಡ್ಡದ ಮೇಲೆ ಒಂಟಿಯಾಗಿ ನಿಂತಿದ್ದ ಆ ಮರವೇ ಅವರ ಪಂಚಾಂಗ.

ಆಗ ನಾನು ಇಂಜಿನಿಯರಿಂಗ್ ಓದ್ತಿದ್ದೆ. ಅಜ್ಜನ ಮಾತು ಸರಿಯಾ ಅಂತ ಲೆಕ್ಕ ಹಾಕಿ ನೋಡಿದೆ. ಸರಿ ಇತ್ತು. ಅದಕ್ಕಿಂತ ಮುಖ್ಯವಾಗಿ, ಆ ಲೆಕ್ಕ ಮಾಡುವಾಗ ಒಂದು ವಿಷಯ ತಲೆಗೆ ಹೋಯ್ತು: ಅಜ್ಜನ ಪಂಚಾಂಗಕ್ಕೆ ಮೂರು ಭಾಗ ಇತ್ತು. ನಿಂತು ನೋಡುವ ಜಾಗ, ದೂರದ ಗುರುತು, ಇವೆರಡರ ನಡುವೆ ಅಡ್ಡ ಏನೂ ಇಲ್ಲದ ಬಯಲು. ಈ ಮೂರರಲ್ಲಿ ಒಂದು ಹೋದರೂ ಪಂಚಾಂಗ ಹೋಯ್ತು. ಈ ಲೇಖನ ಆ ಮೂರನೇ ಭಾಗದ ಬಗ್ಗೆ. ಯಾಕಂದ್ರೆ ನಮ್ಮ ಕಾನೂನುಗಳಿಗೆ ಅದು ಕಾಣಿಸೋದೇ ಇಲ್ಲ.

ಸೂರ್ಯ ಎಷ್ಟು ಓಡಾಡ್ತಾನೆ?

ಸೂರ್ಯ ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗ್ತಾನೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಸರಿಯಾಗಿ ಹಾಗೆ ಆಗೋದು ವರ್ಷಕ್ಕೆ ಎರಡೇ ದಿನ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ. ಉಳಿದ ದಿನ ಅವನು ದಿಗಂತದ ಉದ್ದಕ್ಕೂ ಜರುಗ್ತಾ ಇರ್ತಾನೆ. ಮೂಡಿಗೆರೆಯ ಅಕ್ಷಾಂಶದಲ್ಲಿ ಜೂನ್ 21ರ ಸುಮಾರಿಗೆ ಪೂರ್ವದಿಂದ 24 ಡಿಗ್ರಿ ಬಡಗಲಿಗೆ, ಡಿಸೆಂಬರ್ 21ರ ಸುಮಾರಿಗೆ 24 ಡಿಗ್ರಿ ತೆಂಕಲಿಗೆ ಹುಟ್ತಾನೆ. ಮುಳುಗುವಾಗಲೂ ಇಷ್ಟೇ ಲೆಕ್ಕ. ಈ ಎರಡು ತುದಿಗಳಲ್ಲಿ ಅವನು ತಿರುಗುವ ದಿನಗಳನ್ನು ಇಲ್ಲಿ 'ಅಯನದ ತಿರುವು' ಅಂತ ಕರೆಯೋಣ.

ಇನ್ನೊಂದು ಸೂಕ್ಷ್ಮ ಇದೆ. ಮಾರ್ಚ್‌ನಲ್ಲಿ ಸೂರ್ಯ ದಿನಕ್ಕೆ ತನ್ನ ಅಗಲದ ಮುಕ್ಕಾಲು ಪಾಲು ಜರುಗ್ತಾನೆ. ತಿರುವಿನ ಹತ್ತಿರ ಬಂದಾಗ ಇಡೀ ವಾರಕ್ಕೆ ತನ್ನ ಅಗಲದ ಮೂರನೇ ಒಂದು ಪಾಲೂ ಜರುಗಲ್ಲ, ನಿಂತ ಹಾಗೇ ಕಾಣ್ತಾನೆ. ಹಾಗಾಗಿ ತಿರುವಿನ ದಿನ ಇದೇ ಅಂತ ಕಣ್ಣಲ್ಲಿ ಹಿಡಿಯೋದು ಕಷ್ಟ. ಅಮೆರಿಕದ ಹೋಪಿ, ಜ಼ೂನಿ ಪ್ಯೂಬ್ಲೋ ಜನರಲ್ಲಿ ಸೂರ್ಯನನ್ನು ನೋಡಿ ಹಬ್ಬದ ದಿನ ಸಾರುವ ಹೊಣೆ ಹೊತ್ತವರು ಇದಕ್ಕೆ ದಾರಿ ಕಂಡುಕೊಂಡಿದ್ದರು. ತಿರುವಿಗೆ ಮುಂಚೆ, ಸೂರ್ಯ ಇನ್ನೂ ಚುರುಕಾಗಿ ಜರುಗುತ್ತಿರುವಾಗಲೇ ಗುಡ್ಡದ ಒಂದು ಗುರುತನ್ನು ದಾಟಿದ್ದು ನೋಡಿ, ಅಲ್ಲಿಂದ ದಿನ ಎಣಿಸುತ್ತಿದ್ದರು. ದಿಗಂತವೇ ಅವರ ಕ್ಯಾಲೆಂಡರ್.

ಹೊಸನಗರದ ನಿಲುಗಲ್ಲುಗಳು

ನಮ್ಮ ಕಡೆ ಇಂಥದ್ದು ಇದೆಯಾ? ಮೂಡಿಗೆರೆಯಿಂದ ಕೊಪ್ಪ, ತೀರ್ಥಹಳ್ಳಿ ಮೇಲೆ ಬಡಗಲಿಗೆ ಹೋದರೆ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕು. ಅಲ್ಲಿನ ಬೈಸೆ, ನಿಲಸ್ಕಲ್ ಎಂಬ ಜಾಗಗಳಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಕಾಲದ ನಿಲುಗಲ್ಲುಗಳಿವೆ. ಒರಟು ಕಲ್ಲಿನ ಚಪ್ಪಡಿಗಳನ್ನು ನೆಲದಲ್ಲಿ ನೆಟ್ಟಗೆ ಹುಗಿದು ನಿಲ್ಲಿಸಿದ್ದಾರೆ. ಇವು ಸಮಾಧಿಗಳಲ್ಲ. ಕಲ್ಲುಗಳ ಅಗಲದ ಮುಖ ಬಹುತೇಕ ಉತ್ತರ-ದಕ್ಷಿಣವಾಗಿ ಇದೆ. ಮಣಿಪಾಲದಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ಶ್ರೀಕುಮಾರ್ ಮೆನನ್, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮಯಾಂಕ್ ವಾಹಿಯಾ ಮತ್ತವರ ಸಂಗಡಿಗರು 2010ರ ದಶಕದ ಆರಂಭದಲ್ಲಿ ಇವನ್ನು ಅಳೆದರು. ಒಂದು ಕಲ್ಲಿನ ಬಳಿ ನಿಂತು ಇನ್ನೊಂದರ ನೇರಕ್ಕೆ ನೋಡಿದರೆ, ಅಯನದ ತಿರುವಿನ ದಿನ ಸೂರ್ಯ ಹುಟ್ಟುವ ಅಥವಾ ಮುಳುಗುವ ಜಾಗಕ್ಕೆ ಗೆರೆ ಹೋಗುತ್ತೆ; ಅಂಥ ಜೋಡಿಗಳು ಒಂದಲ್ಲ, ಹಲವು ಇವೆ ಅನ್ನೋದು ಅವರ ವಾದ.

ಬಯಲುಸೀಮೆಯಲ್ಲೂ ಇದೆ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಚೌಕಾಬಾರ ಮನೆ ಹಾಕಿದ ಹಾಗೆ ಸಾಲುಸಾಲಾಗಿ ಬಂಡೆಗಳನ್ನು ಇಟ್ಟಿದ್ದಾರೆ. 19ನೇ ಶತಮಾನದಲ್ಲಿ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಇದರ ಬಗ್ಗೆ ಬರೆದ. ಇತ್ತೀಚೆಗೆ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಇಲ್ಲೂ, ಹನಮಸಾಗರದಲ್ಲೂ ಸೂರ್ಯನ ದಿಕ್ಕುಗಳನ್ನು ಗುರುತಿಸಿದರು. ಹನಮಸಾಗರದಲ್ಲಿ ಸುಮಾರು 2,500 ಕಲ್ಲುಗಳಿವೆ. ಒಂದು ಊರಿನವರೆಲ್ಲ ಸೇರದೆ ಇಂಥ ಕೆಲಸ ಆಗಲ್ಲ.

ನಂಬುವ ಮೊದಲು ಒಂದು ಲೆಕ್ಕ

"ನಮ್ಮ ಪೂರ್ವಿಕರಿಗೆ ಎಲ್ಲ ಗೊತ್ತಿತ್ತು" ಅನ್ನೋ ವಾಟ್ಸಾಪ್ ಮೆಸೇಜ್ ಇಲ್ಲಿಂದಲೇ ಹುಟ್ಟೋದು. ಹಾಗಾಗಿ ಸ್ವಲ್ಪ ನಿಲ್ಲೋಣ.

ಒಂದು ಬಯಲಲ್ಲಿ 20 ಕಲ್ಲುಗಳನ್ನು ಯಾವ ಯೋಚನೆಯೂ ಇಲ್ಲದೆ ಎಸೆದಿದ್ದೀರಿ ಅಂತಿಟ್ಟುಕೊಳ್ಳಿ. ಎರಡೆರಡು ಕಲ್ಲು ಸೇರಿಸಿ ಗೆರೆ ಎಳೆದರೆ ಒಟ್ಟು 190 ಗೆರೆ. ಸಮತಟ್ಟು ದಿಗಂತದಲ್ಲಿ ಜೂನ್‌ನ ಸೂರ್ಯೋದಯ ಮತ್ತು ಡಿಸೆಂಬರ್‌ನ ಸೂರ್ಯಾಸ್ತ ಎದುರುಬದುರು, ಅಂದ್ರೆ ಒಂದೇ ಗೆರೆಯ ಎರಡು ತುದಿ. ಡಿಸೆಂಬರ್‌ನ ಸೂರ್ಯೋದಯ, ಜೂನ್‌ನ ಸೂರ್ಯಾಸ್ತ ಇನ್ನೊಂದು ಗೆರೆ. ಎರಡೂ ಕಡೆ ಒಂದೊಂದು ಡಿಗ್ರಿ ತಪ್ಪಿಗೆ ಅವಕಾಶ ಕೊಟ್ಟರೆ, ಸಾಧ್ಯವಿರುವ 180 ಡಿಗ್ರಿಯಲ್ಲಿ 4 ಡಿಗ್ರಿ ನಮ್ಮ 'ಗುರಿ'. ಅಂದ್ರೆ ನೂರಕ್ಕೆ ಎರಡು ಚಿಲ್ಲರೆ. 190 ಗೆರೆಯಲ್ಲಿ ಸರಾಸರಿ ನಾಲ್ಕು ಗೆರೆ ಸುಮ್ಮಸುಮ್ಮನೆ ಸೂರ್ಯನ ತಿರುವಿಗೆ ತಾಳೆ ಆಗುತ್ತವೆ!

ಹಾಗಾಗಿ "ಇಲ್ಲೊಂದು ಗೆರೆ ಸಿಕ್ತು" ಅನ್ನೋದು ಪುರಾವೆ ಅಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಆಕಸ್ಮಿಕಕ್ಕಿಂತ ಎಷ್ಟು ಹೆಚ್ಚು ಗೆರೆ ಸಿಕ್ಕಿವೆ? ಅದೇ ಮಾದರಿ ಇನ್ನೊಂದು ಊರಲ್ಲೂ ಇದೆಯಾ? ಗುಡ್ಡದ ಎತ್ತರವನ್ನು ಲೆಕ್ಕಕ್ಕೆ ತಗೊಂಡಿದ್ದಾರಾ? ನಮ್ಮ ಅಕ್ಷಾಂಶದಲ್ಲಿ 3 ಡಿಗ್ರಿ ಎತ್ತರದ ಗುಡ್ಡ ಅಡ್ಡ ಇದ್ದರೆ ಸೂರ್ಯ ಮೊದಲು ಕಾಣುವ ಜಾಗ ಮುಕ್ಕಾಲು ಡಿಗ್ರಿ ಹತ್ತಿರ ಪಕ್ಕಕ್ಕೆ ಸರಿದಿರುತ್ತೆ. ಸೂರ್ಯನ ಅಗಲವೇ ಅರ್ಧ ಡಿಗ್ರಿ. ಬೈಸೆ-ನಿಲಸ್ಕಲ್ ವಾದಕ್ಕೆ ಬಲ ಬರೋದು ಕಲ್ಲುಗಳ ಒಂದೇ ತೆರನಾದ ಮುಖದಿಂದ, ಮತ್ತು ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಅದೇ ಕ್ರಮ ಕಾಣೋದರಿಂದ.

ಮಲೆನಾಡಿನವರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. ಜೂನ್ 21ಕ್ಕೆ ಇಲ್ಲಿ ಸೂರ್ಯ ಎಲ್ಲಿ ಕಾಣ್ತಾನೆ? ಮುಂಗಾರು ಹಿಡಿದು ಎರಡು ವಾರ ಆಗಿರುತ್ತೆ. ಕಂಬಳಿ ಕೊಪ್ಪೆ ಹಾಕ್ಕೊಂಡು ಗದ್ದೆಗಿಳಿಯುವ ಕಾಲ. ಡಿಸೆಂಬರ್ ಬೆಳಗ್ಗೆ ಮಂಜು. ನನ್ನ ಲೆಕ್ಕದಲ್ಲಿ ಮಲೆನಾಡಿನ ನಾಲ್ಕು ತಿರುವಿನ ನೋಟಗಳಲ್ಲಿ ನಂಬಿಕೊಳ್ಳಬಹುದಾದ್ದು ಡಿಸೆಂಬರ್‌ನ ಸಂಜೆ ಒಂದೇ, ಅಜ್ಜ ನೋಡ್ತಿದ್ದದ್ದು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಓದಿದ ಕಣ್ಣಲ್ಲಿ ಮಲೆನಾಡನ್ನು ನೋಡಿದರೆ ಮಳೆ ಮರೆತುಹೋಗುತ್ತೆ.

ಚಾಕೊ ಕಲಿಸಿದ ಮೂರು ಪಾಠ

ಇಂಥ ಅಧ್ಯಯನ ಹೆಚ್ಚು ಆಳಕ್ಕೆ ಹೋಗಿರುವ ಜಾಗಗಳಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದ ಚಾಕೊ ಕಣಿವೆ ಒಂದು. ಈಗಿನ ಪ್ಯೂಬ್ಲೋ ಜನರ ಪೂರ್ವಿಕರು ಸುಮಾರು ಕ್ರಿ.ಶ. 850ರಿಂದ 1150ರವರೆಗೆ ಇಲ್ಲಿ ನೂರಾರು ಕೋಣೆಗಳ 'ದೊಡ್ಡ ಮನೆ'ಗಳನ್ನು, ನೆಲದೊಳಗೆ ಇಳಿಸಿದ ದುಂಡನೆಯ ಪೂಜಾಕೋಣೆಗಳನ್ನು ಕಟ್ಟಿದರು. ಹಲವು ಗೋಡೆಗಳು ದಿಕ್ಕಿಗೆ, ಸೂರ್ಯನಿಗೆ ತಾಳೆಯಾಗಿವೆ.

ಪಾಠ ಒಂದು: ಒಳ್ಳೆ ಪುರಾವೆ ಹೇಗಿರುತ್ತೆ. ಚಾಕೊಗೆ ಸೇರಿದ ದೊಡ್ಡ ಮನೆಯೊಂದು ಕೊಲರಾಡೊದ ಚಿಮ್ನಿ ರಾಕ್‌ನಲ್ಲಿ, ಎರಡು ಕಲ್ಲಿನ ಕಂಬಗಳ ಎದುರು, ಗುಡ್ಡದ ಕಡಿದಾದ ಏಣಿನ ಮೇಲೆ ಇದೆ. 18.6 ವರ್ಷಕ್ಕೊಮ್ಮೆ ಚಂದ್ರ ತನ್ನ ಬಡಗಣ ತುದಿ ಮುಟ್ಟುವ ಕಾಲದಲ್ಲಿ ಆ ಕಂಬಗಳ ನಡುವೆ ಹುಟ್ತಾನೆ. ಕಟ್ಟಡದ ಮರದ ಉಂಗುರ ಎಣಿಸಿದರೆ ಮರ ಕಡಿದದ್ದು 1076 ಮತ್ತು 1093ರಲ್ಲಿ. ಎರಡೂ ಚಂದ್ರನ ಆ ಕಾಲಕ್ಕೆ ಹೊಂದುತ್ತವೆ. ನೋಟದ ಗೆರೆ ಒಂದು ಸಾಕ್ಷಿ, ಇಸವಿ ಇನ್ನೊಂದು ಸ್ವತಂತ್ರ ಸಾಕ್ಷಿ. ಬೈಸೆ-ನಿಲಸ್ಕಲ್‌ನ ಕಲ್ಲುಗಳಿಗೆ ಮರದ ಉಂಗುರ ಇಲ್ಲ. ಅದಕ್ಕೇ ಇಲ್ಲಿ ಹೆಚ್ಚು ಎಚ್ಚರ ಬೇಕು.

ಪಾಠ ಎರಡು: ಕಟ್ಟಡ ಬದಲಾಗುತ್ತೆ. ಚಾಕೊದ ಕಾಸಾ ರಿಂಕೊನಾಡಾ ಎಂಬ ಪೂಜಾಕೋಣೆಯಲ್ಲಿ ಜೂನ್ ತಿರುವಿನ ಬೆಳಗ್ಗೆ ಕಿಟಕಿಯಿಂದ ಬಿಸಿಲು ಬಂದು ಎದುರು ಗೂಡಿನ ಮೇಲೆ ಬೀಳುತ್ತೆ, ನೋಡೋಕೆ ಜನ ಸೇರ್ತಾರೆ. ಆದರೆ ಆ ಗೋಡೆಗಳನ್ನು 1930ರ ದಶಕದಲ್ಲಿ ದುರಸ್ತಿ ಮಾಡಿ ಎತ್ತರಿಸಿದ್ದು. ಮೂಲದಲ್ಲಿ ಹೀಗೇ ಬೆಳಕು ಬೀಳ್ತಿತ್ತಾ ಅನ್ನೋದು ವಿವಾದ.

ಇದನ್ನೇ ಬೆಂಗಳೂರಿನ ಗವಿ ಗಂಗಾಧರೇಶ್ವರಕ್ಕೆ ಹಚ್ಚಿ ನೋಡಿ. ಸಂಕ್ರಾಂತಿ ಸಂಜೆ ನಂದಿಯ ಕೊಂಬುಗಳ ನಡುವೆ ಬಿಸಿಲು ಹಾದು ಲಿಂಗ ಮುಟ್ಟೋದನ್ನು ಟೀವಿಯಲ್ಲಿ ಪ್ರತಿ ವರ್ಷ ನೋಡ್ತೀವಿ. ತಾರಾಲಯದ ಬಿ.ಎಸ್. ಶೈಲಜಾ ಮತ್ತವರ ವಿದ್ಯಾರ್ಥಿ ಸಂಗಡಿಗರು ಲೆಕ್ಕ ಹಾಕಿ, ಬೆಳಕು ನವೆಂಬರ್ ಕೊನೆಯಲ್ಲೂ ಹೀಗೇ ಬೀಳುತ್ತೆ ಅಂತ ತೋರಿಸಿದರು. ಕಾರಣ ಸರಳ. ತಿರುವಿನ ತುದಿಗಳನ್ನು ಬಿಟ್ಟರೆ ಸೂರ್ಯ ದಿಗಂತದ ಪ್ರತಿ ಜಾಗಕ್ಕೂ ವರ್ಷಕ್ಕೆ ಎರಡು ಸಲ ಬರ್ತಾನೆ, ಹೋಗುವಾಗ ಒಂದು, ಬರುವಾಗ ಒಂದು. 1790ರ ದಶಕದಲ್ಲಿ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಬರೆದ ಚಿತ್ರಗಳ ಜೊತೆ ಹೋಲಿಸಿದರೆ ಗುಡಿಯ ಮುಂದೆ ಆಮೇಲೆ ಕಟ್ಟಡ ಸೇರಿರುವುದೂ ಗೊತ್ತಾಗುತ್ತೆ.

ನಮ್ಮ ಜಿಲ್ಲೆಯ ಶೃಂಗೇರಿಯಲ್ಲೂ ಇದೇ ಪ್ರಶ್ನೆ ಏಳುತ್ತೆ. ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿಕಂಬಗಳಲ್ಲಿ ಆಯಾ ತಿಂಗಳ ಕಂಬದ ಮೇಲೆ ಸೂರ್ಯನ ಕಿರಣ ಬೀಳುತ್ತೆ ಅಂತ ಗೈಡುಗಳು ಹೇಳ್ತಾರೆ. ಉದಯದ ದಿಕ್ಕೊಂದನ್ನೇ ನಂಬಿದರೆ ಮೇ ತಿಂಗಳಿನ ಕಿರಣವೂ ಜುಲೈ ತಿಂಗಳಿನದೂ ಒಂದೇ ಕಡೆಯಿಂದ ಬರಬೇಕಲ್ಲ, ಎರಡು ಕಂಬ ಬೇರೆ ಆಗೋದು ಹೇಗೆ? ಜೊತೆಗೆ ಸಂಕ್ರಾಂತಿಯೇ ಸೂರ್ಯನ ತಿರುವಿನಿಂದ ಸುಮಾರು 72 ವರ್ಷಕ್ಕೆ ಒಂದು ದಿನದ ಲೆಕ್ಕದಲ್ಲಿ ದೂರ ಸರೀತಾ ಇದೆ. ಎರಡೂ ಒಟ್ಟಿಗೆ ಬಿದ್ದದ್ದು ಸುಮಾರು 1,700 ವರ್ಷದ ಹಿಂದೆ. ಈಗ ಮೂರು ವಾರಕ್ಕೂ ಹೆಚ್ಚು ಅಂತರ. ಇದನ್ನು ಕೇಳೋದು ಶ್ರದ್ಧೆಗೆ ಅವಮಾನ ಅಲ್ಲ. ಹದಿನಾಲ್ಕನೇ ಶತಮಾನದ ಆ ಶಿಲ್ಪಿಗೆ ಖಗೋಳ ಗೊತ್ತಿತ್ತು ಅಂತ ಗೌರವಿಸೋದಾದ್ರೆ, ಅವನ ಕೆಲಸವನ್ನು ಅಳತೆ ಮಾಡಿ ನೋಡೋದೇ ಗೌರವ.

ಪಾಠ ಮೂರು: ನೋಡೋಕೆ ಹೋದವರೇ ಹಾಳು ಮಾಡ್ತಾರೆ. 1977ರಲ್ಲಿ ಕಲಾವಿದೆ ಆನಾ ಸೊಫೇರ್ ಚಾಕೊದ ಫಹಾಡಾ ಬ್ಯೂಟ್ ಗುಡ್ಡದ ಮೇಲೆ ಮೂರು ಚಪ್ಪಡಿಗಳ ಸಂದಿಯಿಂದ ಬಿಸಿಲು ಕತ್ತಿಯ ಹಾಗೆ ಇಳಿದು, ಬಂಡೆಯಲ್ಲಿ ಕೆತ್ತಿದ ಸುರುಳಿಯ ನಡುವೆ ಹಾದುಹೋಗುವುದನ್ನು ಕಂಡರು. ಅದು ಜಗತ್ತಿಗೇ ಸುದ್ದಿಯಾಯ್ತು. 1989ರ ಹೊತ್ತಿಗೆ ಚಪ್ಪಡಿಗಳು ಜರುಗಿದ್ದು ಗೊತ್ತಾಯ್ತು. ಓಡಾಟದಿಂದ ಬುಡದ ಮಣ್ಣು ಸವೆದಿತ್ತು. ಸಾವಿರ ವರ್ಷದ ಹತ್ತಿರ ಉಳಿದದ್ದು ಹನ್ನೆರಡೇ ವರ್ಷದಲ್ಲಿ ಕೆಟ್ಟಿತು. ಮುಳ್ಳಯ್ಯನಗಿರಿಯ ವಾರಾಂತ್ಯದ ಟ್ರಾಫಿಕ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾನೂನಿಗೆ ಕಾಣುವುದು 300 ಮೀಟರ್

ಈಗ ಅಸಲಿ ವಿಷಯ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯ್ತು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿಗೆ ಮುಗೀತು.

ನಿಲುಗಲ್ಲಿನಿಂದ 300 ಮೀಟರ್ ದಾಟಿದ ಕೂಡಲೇ 10 ಮೀಟರ್ ಎತ್ತರದ ಕಟ್ಟಡ ಬಂತು ಅಂತಿಟ್ಟುಕೊಳ್ಳಿ, ಅಂದ್ರೆ ಮೂರಂತಸ್ತಿನ ಸಾಧಾರಣ ರೆಸಾರ್ಟ್. ಸಮತಟ್ಟು ನೆಲದಲ್ಲಿ ಅದು ಸುಮಾರು 1.9 ಡಿಗ್ರಿ ಎತ್ತರ ಕಾಣುತ್ತೆ. ಸೂರ್ಯನ ಬಿಂಬ ಒಂದರ ಮೇಲೊಂದು ಇಟ್ಟರೆ ಮೂರೂವರೆ ಬಿಂಬ ಮುಚ್ಚುವಷ್ಟು. ಕಲ್ಲಿಗೆ ಒಂದು ಗೀರೂ ಬೀಳಲಿಲ್ಲ, ಕಾಯ್ದೆಯೂ ಮುರಿಯಲಿಲ್ಲ. ಆದರೆ ಕಲ್ಲು ಏನನ್ನು ತೋರಿಸೋಕೆ ನಿಂತಿತ್ತೋ ಅದು ಹೋಯ್ತು. ಕಟ್ಟಡವೇ ಬೇಕಿಲ್ಲ, ಒಂದು ಸಾಲು ಅಕೇಶಿಯಾ ನೆಡುತೋಪು ಸಾಕು. ಇದೂ ಪಟ್ಟಿಗೆ ಸೇರಿದ ಸ್ಮಾರಕಗಳ ಕತೆ. ಪಟ್ಟಿಯಲ್ಲೇ ಇಲ್ಲದ ಕಲ್ಲುಗಳಿಗೆ ಈ 300 ಮೀಟರೂ ಇಲ್ಲ.

ಗುಡ್ಡವೇ ಹೋದರೆ? ಇದು ಬರೀ ಕಲ್ಪನೆ ಅಲ್ಲ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿಗಾಗಿ ಬೆಟ್ಟ ಅಗೆದದ್ದನ್ನು ಈ ಜಿಲ್ಲೆ ನೋಡಿದೆ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಿಂದ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಹೋರಾಟದಲ್ಲಿ ಕಾಡು, ಭದ್ರಾ ನದಿ, ಹೂಳು ಎಲ್ಲ ಚರ್ಚೆಗೆ ಬಂದವು. ದಿಗಂತ ಬರಲಿಲ್ಲ. ಕೋರ್ಟಿನ ಮುಂದೆ ಇಡಬಹುದಾದ ಆಸ್ತಿ ಅದು ಅಂತ ಯಾರಿಗೂ ಅನ್ನಿಸಿರಲಿಲ್ಲ.

ಚಾಕೊದಲ್ಲಿ ಅನ್ನಿಸಿತು. ಸುತ್ತ ತೈಲ, ಅನಿಲದ ಬಾವಿಗಳು ಹತ್ತಿರ ಬರ್ತಿದ್ದಾಗ ಪ್ಯೂಬ್ಲೋ ಸಮುದಾಯಗಳು ಹೇಳಿದ್ದು: ಪಾರ್ಕಿನ ಬೇಲಿಯೊಳಗಿನ ಗೋಡೆಗಳಷ್ಟೇ ನಮ್ಮದಲ್ಲ, ನೋಟ ಹೋಗುವಷ್ಟೂ ನಮ್ಮದು. 2023ರ ಜೂನ್‌ನಲ್ಲಿ ಆಗಿನ ಒಳಾಡಳಿತ ಸಚಿವೆ, ಲಗೂನಾ ಪ್ಯೂಬ್ಲೋ ಸಮುದಾಯದವರೇ ಆದ ಡೆಬ್ ಹಾಲಂಡ್, ಪಾರ್ಕಿನ ಸುತ್ತ 10 ಮೈಲಿಯೊಳಗಿನ ಸರ್ಕಾರಿ ಜಮೀನಿನಲ್ಲಿ ಹೊಸ ಗುತ್ತಿಗೆಗಳನ್ನು 20 ವರ್ಷ ತಡೆದರು. ನಮ್ಮ 300 ಮೀಟರ್ ಎಲ್ಲಿ, ಅವರ 16 ಕಿಲೋಮೀಟರ್ ಎಲ್ಲಿ!

ಆದರೆ ಕತೆ ಅಲ್ಲಿಗೆ ಸುಖಾಂತ್ಯ ಅಲ್ಲ. ಅದೇ ನೆಲದಲ್ಲಿ ಬದುಕುವ ನವಾಹೊ ಸರ್ಕಾರ ವಿರೋಧಿಸಿತು. ಅಲ್ಲಿನ ಕುಟುಂಬಗಳಿಗೆ ತಮ್ಮ ಜಮೀನಿನ ಬಾವಿಗಳಿಂದ ಬರುವ ರಾಯಧನವೇ ಆದಾಯ. ಈ ಜಗಳ ನಮಗೆ ಹೊಸದಲ್ಲ. ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶದ ಆರನೇ ಕರಡು 2024ರ ಜುಲೈನಲ್ಲಿ ಬಂದಾಗ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್ ಅಂತಿತ್ತು. ರಾಜ್ಯ ಸರ್ಕಾರ ಅದನ್ನೂ ತಿರಸ್ಕರಿಸಿತು. ಮೂಡಿಗೆರೆಯ ಸಣ್ಣ ಬೆಳೆಗಾರನಿಗೆ ಆ ನಕ್ಷೆ ಅಂದ್ರೆ ದೆಹಲಿಯಲ್ಲಿ ಕೂತವರು ತನ್ನ ತೋಟದ ಮೇಲೆ ಎಳೆದ ಬಣ್ಣ. ಅವನನ್ನು ಕೇಳದೆ ದಿಗಂತಕ್ಕೂ ಇನ್ನೊಂದು ನಕ್ಷೆ ಬಂದರೆ ಅದರ ಗತಿಯೂ ಅದೇ.

ಹಾಗಾದ್ರೆ ಏನು ಮಾಡಬಹುದು?

ನೋಟದ ಗೆರೆ ಅನ್ನೋದು ವಲಯ ಅಲ್ಲ, ಪಟ್ಟಿ. ಇದೇ ಇಲ್ಲಿನ ಸಮಾಧಾನದ ವಿಷಯ. ಇಡೀ ಊರಿಗೆ ನಿರ್ಬಂಧ ಬೇಕಿಲ್ಲ. ಒಂದು ಕಲ್ಲಿನಿಂದ ಗುಡ್ಡದ ನಿರ್ದಿಷ್ಟ ಜಾಗಕ್ಕೆ ಹೋಗುವ ಎರಡು-ಮೂರು ಡಿಗ್ರಿ ಅಗಲದ ಪಟ್ಟಿಯಲ್ಲಿ ಎತ್ತರಕ್ಕೆ ಮಿತಿ ಇದ್ದರೆ ಸಾಕು. ಅಲ್ಲಿ ಕಾಫಿ, ಭತ್ತ, ಅಡಿಕೆ ಸಸಿ ಯಾವುದಕ್ಕೂ ತಕರಾರಿಲ್ಲ. ಮೂರಂತಸ್ತು, ಟವರ್ ಬೇಡ ಅಷ್ಟೇ. ಸಂರಕ್ಷಿತ ಸ್ಮಾರಕಗಳಿಗೆ ಉಪವಿಧಿ ಬರೆಯುವ ಅವಕಾಶ 2010ರ ತಿದ್ದುಪಡಿಯಲ್ಲೇ ಇದೆ. ಅವುಗಳಲ್ಲಿ ದಿಗಂತದ ನಕ್ಷೆಯೂ ಸೇರಲಿ. 300 ಮೀಟರಿನ ಆಚೆಗೆ ಗ್ರಾಮಸಭೆಯಲ್ಲಿ ಚರ್ಚೆಯಾಗಿ, ಜಮೀನಿನವರ ಒಪ್ಪಿಗೆಯಿಂದ ಆಗಲಿ. ಕೊಪ್ಪಳದ ಹಿರೇಬೆಣಕಲ್ ಮೋರೇರ ಗುಡ್ಡ 2021ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿದೆ. ಇಂಥ ಕೆಲಸ ಅಲ್ಲಿಂದಲೇ ಶುರುವಾಗಬಹುದು.

ಅದಕ್ಕೂ ಮೊದಲು ದಾಖಲೆ ಬೇಕು. ಇದಕ್ಕೆ ಪಿಎಚ್‌ಡಿ ಬೇಕಿಲ್ಲ. ಚಿಮ್ನಿ ರಾಕ್‌ನಿಂದ ನಡುವಿನ ಗುಡ್ಡವೊಂದರ ಮೂಲಕ ಚಾಕೊವರೆಗೆ ಸಂಜ್ಞೆ ಕಳಿಸಲು ಸಾಧ್ಯ ಅಂತ ಕನ್ನಡಿ ಹೊಳೆಸಿ ತೋರಿಸಿದ್ದು ಒಬ್ಬಳು ಹೈಸ್ಕೂಲ್ ಹುಡುಗಿ. ದೀಪಾವಳಿಯಲ್ಲಿ ದೇವೀರಮ್ಮನ ಬೆಟ್ಟದ ಬೆಳಕಿಗೆ ಸುತ್ತಲ ಊರಿನವರು ಅಂಗಳದಿಂದಲೇ ಕೈ ಮುಗಿಯೋದು ಗೊತ್ತಿರುವವರಿಗೆ ಇದು ವಿಚಿತ್ರ ಅನ್ನಿಸಲ್ಲ. ಆ ಬೆಳಕು ಯಾವ ಯಾವ ಊರಿಂದ ಕಾಣುತ್ತೆ, ಎಲ್ಲಿಂದ ಕಾಣೋದು ನಿಂತಿದೆ ಅಂತ ಈ ಸಲ ಗುರುತು ಹಾಕಿದರೆ ಅದೇ ಒಂದು ನಕ್ಷೆ.

ಡಿಸೆಂಬರ್ 21ರ ಸಂಜೆ ನಿಮ್ಮೂರಲ್ಲಿ ಯಾವುದಾದರೂ ನಿಲುಗಲ್ಲು, ಹಳೇ ಗುಡಿ, ಇಲ್ಲಾಂದ್ರೆ ಮನೆಯಂಗಳದಲ್ಲೇ ನಿಂತು ಸೂರ್ಯ ಮುಳುಗುವ ಜಾಗದ ಫೋಟೊ ತೆಗೀರಿ. ನಿಂತ ಜಾಗ, ಸಮಯ ಬರೆದಿಡಿ. ಒಂದು ಎಚ್ಚರ: ಮೊಬೈಲ್ ದಿಕ್ಸೂಚಿಯನ್ನು ನಂಬಬೇಡಿ. ಕುದುರೆಮುಖ, ಬಾಬಾಬುಡನ್ ಕಡೆಯ ಬಂಡೆಗಳಲ್ಲಿ ಕಾಂತಗುಣದ ಕಬ್ಬಿಣ ಇದೆ, ಮುಳ್ಳು ದಾರಿ ತಪ್ಪುತ್ತೆ. ಸೂರ್ಯನನ್ನೇ ಅಳತೆಗೋಲು ಮಾಡಿಕೊಳ್ಳಿ. ಆ ದಿನ ಅವನು ಎಲ್ಲಿ ಇರ್ತಾನೆ ಅನ್ನೋದು ಲೆಕ್ಕಕ್ಕೆ ಸಿಗುತ್ತೆ. ಮೂರು ಸಾವಿರ ವರ್ಷದಲ್ಲಿ ಈ ತಿರುವಿನ ಜಾಗ ಅರ್ಧ ಡಿಗ್ರಿಯೂ ಬದಲಾಗಿಲ್ಲ. ನಿಲುಗಲ್ಲು ನೆಟ್ಟವರು ಕಂಡ ಸೂರ್ಯಾಸ್ತವನ್ನೇ ನೀವೂ ನೋಡ್ತಿರ್ತೀರಿ, ನಡುವೆ ಏನೂ ಅಡ್ಡ ಇಲ್ಲದಿದ್ದರೆ.

ನಮ್ಮ ಕಣದ ಎದುರಿನ ಗುಡ್ಡದ ಮೇಲೆ ಈಗ ಒಂದು ರೆಸಾರ್ಟ್ ಇದೆ. ನೇರಳೆ ಮರ ಕಡಿದಿಲ್ಲ, ಕಟ್ಟಡದ ಹಿಂದೆ ಎಲ್ಲೋ ಇನ್ನೂ ಇದೆಯಂತೆ. ಅಲ್ಲಿಗೆ ಬರುವವರಿಗೆ ಸೂರ್ಯಾಸ್ತ ತೋರಿಸೋಕೆ ಪ್ರತ್ಯೇಕ ಜಗಲಿ ಮಾಡಿದ್ದಾರೆ. ನಮ್ಮ ಕಣದಿಂದ ನೋಡಿದರೆ ಡಿಸೆಂಬರ್‌ನ ಸೂರ್ಯ ಮುಳುಗೋದು ಅದರ ನೀರಿನ ಟ್ಯಾಂಕಿನ ಹಿಂದೆ.